ಈ ಗೇಮ್ ಮಕ್ಕಳಿಗೆ ಆಗ್ತದಾ? ಡಿಸ್ಕ್ ಹಾಕುವ ಮೊದಲು ನೋಡಬೇಕಾದ್ದು

ಓಣಂ ರಜೆ ಹತ್ತಿರ ಬಂದಾಗ, ಇಲ್ಲವೇ ಜೋರು ಮಳೆಗೆ ಕಲೆಕ್ಟರ್ ಶಾಲೆಗಳಿಗೆ ರಜೆ ಕೊಟ್ಟ ದಿನ, ನನ್ನ ಫೋನಿಗೆ ಒಂದೇ ನಮೂನೆಯ ಮೆಸೇಜು ಬರುತ್ತದೆ. "ಮಗನಿಗೆ ಅವನ ಮಾವ ಗಲ್ಫಿನಿಂದ ಪ್ಲೇಸ್ಟೇಷನ್ ತಂದಿದ್ದಾರೆ. ಜೊತೆಗೆ ನಾಲ್ಕು ಡಿಸ್ಕ್ ಉಂಟು. ಯಾವುದು ಕೊಡ್ಲಿಕ್ಕೆ ಆಗ್ತದೆ, ಯಾವುದು ಆಗುದಿಲ್ಲ?" ನಮ್ಮ ಕಾಸರಗೋಡಿನ ಕುಂಬಳೆಯಿಂದ ಕೇಳುತ್ತಾರೆ, ಪೆರ್ಲದಿಂದ ಕೇಳುತ್ತಾರೆ, ಮುಳ್ಳೇರಿಯದಿಂದಲೂ ಕೇಳುತ್ತಾರೆ. ಡಬ್ಬಿಯ ಫೋಟೊ ಕೂಡ ಕಳಿಸಿರುತ್ತಾರೆ. ಆದರೆ ಮುಂದಿನ ಬದಿಯದ್ದು ಮಾತ್ರ. ನನಗೆ ಬೇಕಾದ್ದು ಹಿಂದಿನ ಬದಿ.

"ಇದು ಆಗಬಹುದು, ಇದು ಬೇಡ" ಅಂತ ಪಟ್ಟಿ ಕೊಡುವುದು ಸುಲಭ. ಮುಂದಿನ ರಜೆಗೆ ಬೇರೆ ನಾಲ್ಕು ಡಿಸ್ಕ್ ಬಂದರೆ ಆ ಪಟ್ಟಿಯಿಂದ ಪ್ರಯೋಜನ ಇಲ್ಲ. ಅದಕ್ಕೇ ಇಲ್ಲಿ ನೋಡುವ ಕ್ರಮವನ್ನು ಬರೆದಿದ್ದೇನೆ. ಗೇಮ್ ಬಗ್ಗೆ ಏನೂ ಗೊತ್ತಿಲ್ಲದವರಿಗೂ ಇದು ಸಾಕು. ಒಂದು ಫೋನ್, ಒಂದು ತುಂಡು ಕಾಗದ, ಪೆನ್ನು, ಸುಮಾರು ಒಂದು ಗಂಟೆ ಸಮಯ ಬೇಕು. ಮೊದಲ ನಾಲ್ಕು ಹಂತಗಳನ್ನು ಮಗು ಶಾಲೆಗೆ ಹೋದಾಗ ಮಾಡಿ ಮುಗಿಸಿ. ಪಕ್ಕದಲ್ಲಿ ನಿಂತು "ಅಪ್ಪಾ, ಎಲ್ಲರ ಮನೆಯಲ್ಲೂ ಉಂಟು" ಅಂತ ಹೇಳುವವರಿದ್ದರೆ ನೋಡುವ ಕೆಲಸ ಆಗುವುದಿಲ್ಲ.

ಇಲ್ಲಿ ನಾನು ಹೇಳುವುದು ಆಕ್ಷನ್-ಅಡ್ವೆಂಚರ್ ಅನ್ನುವ ನಮೂನೆಯ ಆಟಗಳ ಬಗ್ಗೆ. ಅದೇನು ಅಂತ ಮೊದಲು ಹೇಳುತ್ತೇನೆ. ಓಟ, ಜಿಗಿತ, ಹೊಡೆದಾಟ ಒಂದು ಕಡೆ. ಕಥೆ, ಹುಡುಕಾಟ, ಒಗಟು ಬಿಡಿಸುವುದು ಇನ್ನೊಂದು ಕಡೆ. ಎರಡೂ ಸೇರಿದ ಆಟ ಇದು. ಲೆಗೋ ಗೊಂಬೆಗಳು ಪುಡಿಪುಡಿಯಾಗಿ ಬೀಳುವ ಆಟಕ್ಕೂ ಇದೇ ಹೆಸರು, ಕಾರು ಕದ್ದು ಗುಂಡು ಹಾರಿಸುವ ಜಿಟಿಎ ಆಟಕ್ಕೂ ಇದೇ ಹೆಸರು. ಕಾರ್ ರೇಸ್ ಆದರೆ ಐದು ನಿಮಿಷದಲ್ಲಿ ಅದರ ಬಣ್ಣ ಗೊತ್ತಾಗುತ್ತದೆ. ಇದು ಹಾಗಲ್ಲ. ಇಪ್ಪತ್ತು, ಮೂವತ್ತು ಗಂಟೆ ಆಡುವ ಕಥೆ. ಮೊದಲ ಗಂಟೆಯಲ್ಲಿ ಚಿಟ್ಟೆ ಹಿಡಿಯುತ್ತಿದ್ದವನು ಹತ್ತನೇ ಗಂಟೆಯಲ್ಲಿ ಏನು ಮಾಡುತ್ತಾನೆ ಅಂತ ಡಬ್ಬಿ ಹೇಳುವುದಿಲ್ಲ.

1. ಸಂಖ್ಯೆ ಓದಿ

ಸಿನಿಮಾಕ್ಕೆ ನಮ್ಮಲ್ಲಿ ಸೆನ್ಸಾರ್ ಸರ್ಟಿಫಿಕೇಟ್ ಉಂಟು. ಗೇಮ್‌ಗೆ ಅಂಥ ನಮ್ಮದೇ ಮಂಡಳಿ ಇಲ್ಲ. ಹಾಗಾಗಿ ಡಬ್ಬಿಯ ಮೇಲಿರುವುದು ಬೇರೆ ದೇಶದವರ ಗುರುತು.

ಹಸಿರು, ಕಿತ್ತಳೆ ಅಥವಾ ಕೆಂಪು ಚೌಕದಲ್ಲಿ 3, 7, 12, 16, 18 ಅಂತಿದ್ದರೆ ಅದು ಯುರೋಪಿನ ಪೆಗಿ. 2003ರಿಂದ ನಡೆದುಬಂದಿದೆ. ಕಪ್ಪು-ಬಿಳುಪು ಚೌಕದಲ್ಲಿ ಇಂಗ್ಲಿಷ್ ಅಕ್ಷರ ಇದ್ದರೆ ಅದು ಅಮೆರಿಕದ ಇಎಸ್‌ಆರ್‌ಬಿ, 1994ರದ್ದು. ಅದರಲ್ಲಿ 'ಇ' ಅಂದರೆ ಎಲ್ಲರಿಗೂ, 'ಇ10+' ಅಂದರೆ ಹತ್ತು ದಾಟಿದವರಿಗೆ, 'ಟಿ' ಅಂದರೆ 13 ದಾಟಿದವರಿಗೆ, 'ಎಂ' ಅಂದರೆ 17 ದಾಟಿದವರಿಗೆ. ಸೌದಿಯಿಂದ ಬಂದ ಡಿಸ್ಕಿನಲ್ಲಿ ಅಲ್ಲಿನ ಸರ್ಕಾರದ್ದೇ ಸಂಖ್ಯೆ ಇರಬಹುದು. ಫೋನಿನ ಆಟವಾದರೆ ಪ್ಲೇ ಸ್ಟೋರಿನಲ್ಲಿ ಆಟದ ಹೆಸರಿನ ಕೆಳಗೆ 3+, 7+, 12+, 16+, 18+ ಅಂತ ಕಾಣುತ್ತದೆ. ಆಟ ಮಾಡಿದವರೇ ಪ್ರಶ್ನಾವಳಿ ತುಂಬಿಸಿ ಪಡೆಯುವ ಸಂಖ್ಯೆ ಅದು. ಆದ್ದರಿಂದ ಪ್ಲೇ ಸ್ಟೋರಿನ ಸಂಖ್ಯೆಯನ್ನು ನಾನು ಸ್ವಲ್ಪ ಕಡಿಮೆ ನಂಬುತ್ತೇನೆ.

ಪೆಗಿ ಸಂಖ್ಯೆಗಳ ಅರ್ಥ ಹೀಗೆ. 7 ಅಂದರೆ ಹೊಡೆದಾಟ ಕಾರ್ಟೂನಿನ ಹಾಗೆ, ನಿಜ ಅನಿಸುವುದಿಲ್ಲ. 12 ಅಂದರೆ ಕಲ್ಪನೆಯ ಜೀವಿಗಳ ಮೇಲಿನ ಹೊಡೆತ ಸ್ವಲ್ಪ ಎದ್ದು ಕಾಣುತ್ತದೆ. 16 ಅಂದರೆ ಹೊಡೆತ, ಸಾವು ನಿಜದಲ್ಲಿ ಹೇಗೋ ಹಾಗೆಯೇ ಕಾಣುತ್ತದೆ. 18 ಅಂದರೆ ಕ್ರೂರ ಹಿಂಸೆ, ಕಾರಣವಿಲ್ಲದ ಕೊಲೆ, ಎದುರು ನಿಲ್ಲಲಾಗದವರ ಮೇಲೆ ಕೈ ಮಾಡುವುದು.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಉಂಟು. ಈ ಸಂಖ್ಯೆ ಆಟ ಎಷ್ಟು ಕಷ್ಟ ಅಂತ ಹೇಳುವುದಿಲ್ಲ. "ನನ್ನ ಮಗಳು ತುಂಬ ಚುರುಕು, 16ರದ್ದನ್ನು ಸಲೀಸಾಗಿ ಆಡ್ತಾಳೆ" ಅನ್ನುವವರನ್ನು ನೋಡಿದ್ದೇನೆ. ಆಡುತ್ತಾಳೆ, ಸರಿ. ಆದರೆ ಅದು ಗಣಿತದ ಪುಸ್ತಕದ ಕ್ಲಾಸ್ ನಂಬರ್ ಅಲ್ಲ. ಪೆಗಿ 3 ಅಂತ ಬರೆದ ಆಟ ಮೂರು ವರ್ಷದ ಮಗುವಿನ ಕೈಗೆ ಬಗ್ಗದೆಯೂ ಇರಬಹುದು.

ಇನ್ನೊಂದು: ಎರಡು ಗುರುತು ಒಂದೇ ಉತ್ತರ ಕೊಡಬೇಕೆಂದಿಲ್ಲ. 2018ರ ಸ್ಪೈಡರ್‌ಮ್ಯಾನ್ ಆಟಕ್ಕೆ ಅಮೆರಿಕದವರು 'ಟಿ' ಕೊಟ್ಟರು, ಅಂದರೆ 13. ಯುರೋಪಿನವರು 16 ಕೊಟ್ಟರು. 2017ರ 'ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್'ಗೆ ಅಮೆರಿಕದಲ್ಲಿ 10+, ಯುರೋಪಿನಲ್ಲಿ 12. ಎರಡೂ ಸಿಕ್ಕಿದರೆ ದೊಡ್ಡದನ್ನೇ ಹಿಡಿದುಕೊಂಡು ಮುಂದೆ ಹೋಗಿ. ಆಮೇಲೆ ಬೇಕಾದರೆ ಇಳಿಸಬಹುದು.

18 ಅಥವಾ 'ಎಂ' ಇದ್ದರೆ ಮುಂದಿನ ಹಂತಗಳು ಬೇಕಾಗಿಯೇ ಇಲ್ಲ. ಡಿಸ್ಕ್ ಎತ್ತಿಡಿ. ಹೆಸರು ನೋಡಿ ಮೋಸ ಹೋಗಬೇಡಿ. 'ಗಾಡ್ ಆಫ್ ವಾರ್' ಅಂದಾಗ "ಏನೋ ದೇವರ ಕಥೆ ಇರ್ಬೇಕು, ಒಳ್ಳೇದೇ" ಅಂದ ಅಜ್ಜಿಯರಿದ್ದಾರೆ. ಗ್ರೀಕ್ ದೇವರು ಇದ್ದಾನೆ, ನಿಜ. ಕೊಡಲಿಯೂ ಇದೆ. ಪೆಗಿ 18.

2. ಹಿಂದಿನ ಬದಿಯ ಸಣ್ಣ ಅಕ್ಷರ

ಸಂಖ್ಯೆಯ ಹತ್ತಿರವೇ ಸಣ್ಣ ಚಿತ್ರಗಳೋ ಶಬ್ದಗಳೋ ಇರುತ್ತವೆ. ಇವುಗಳಿಗೆ ಡಿಸ್ಕ್ರಿಪ್ಟರ್ ಅನ್ನುತ್ತಾರೆ, ಅಂದರೆ ಆ ಸಂಖ್ಯೆ ಯಾಕೆ ಬಂತು ಅನ್ನುವ ಕಾರಣ. ಪೆಗಿಯಲ್ಲಿ ಮುಷ್ಟಿಯ ಚಿತ್ರ ಹಿಂಸೆಗೆ, ಜೇಡನ ಚಿತ್ರ ಹೆದರಿಕೆಗೆ. ಕೆಟ್ಟ ಮಾತು, ಜೂಜು, ಮಾದಕ ವಸ್ತು, ಲೈಂಗಿಕ ವಿಷಯ, ಆಟದೊಳಗೆ ಖರೀದಿ, ಹೀಗೆ ಉಳಿದವು. 12 ಅಂತ ಬಂದ ಎರಡು ಆಟಗಳಲ್ಲಿ ಒಂದಕ್ಕೆ ಕಾರಣ ಹೆದರಿಕೆ, ಇನ್ನೊಂದಕ್ಕೆ ಕಾರಣ ಬೈಗುಳ ಆಗಿರಬಹುದು. ನಿಮ್ಮ ಮನೆಗೆ ಎರಡೂ ಒಂದೇ ಅಲ್ಲ, ಅಲ್ವಾ?

ಇಎಸ್‌ಆರ್‌ಬಿಯ ವೆಬ್‌ಸೈಟಿನಲ್ಲಿ ಆಟದ ಹೆಸರು ಹಾಕಿದರೆ ಒಂದು ಪ್ಯಾರಾ ಸಿಗುತ್ತದೆ. ಆಟದಲ್ಲಿ ಏನೇನು ಕಾಣುತ್ತದೆ ಅಂತ ನೇರವಾಗಿ ಬರೆದಿರುತ್ತಾರೆ. ನನ್ನ ಲೆಕ್ಕದಲ್ಲಿ ಇಡೀ ಇಂಟರ್ನೆಟ್ಟಿನಲ್ಲಿ ತಂದೆತಾಯಿಗೆ ಅತಿ ಹೆಚ್ಚು ಉಪಯೋಗದ ಪ್ಯಾರಾ ಅದು. ಇಂಗ್ಲಿಷ್ ಕಷ್ಟವಾದರೆ ಗೂಗಲ್ ಲೆನ್ಸ್ ತೆರೆದು ಕ್ಯಾಮೆರಾ ಹಿಡಿಯಿರಿ, ಕನ್ನಡದಲ್ಲಿ ತೋರಿಸುತ್ತದೆ. ಭಾಷೆ ಸ್ವಲ್ಪ ಅಂಕುಡೊಂಕು, ವಿಷಯ ಗೊತ್ತಾಗುತ್ತದೆ.

ಮಗನನ್ನೇ ಕರೆದು ಓದಿಸಬೇಡಿ. ನಮ್ಮ ಕಡೆ ಮನೆಯಲ್ಲಿ ಕನ್ನಡ, ತುಳು, ಪೇಟೆಯಲ್ಲಿ ಮಲಯಾಳ. ಇಂಗ್ಲಿಷ್ ಮಾತ್ರ ಮಕ್ಕಳ ಪಾಲು. ಹಾಗಾಗಿ ಮಗನೇ ದುಭಾಷಿ ಆಗಿಬಿಡುತ್ತಾನೆ. "ಬ್ಲಡ್ ಆಂಡ್ ಗೋರ್", ಅಂದರೆ ರಕ್ತಪಾತ, ಅನ್ನುವುದು ಅವನ ಬಾಯಲ್ಲಿ "ಸ್ವಲ್ಪ ಫೈಟಿಂಗ್ ಉಂಟಮ್ಮ" ಆಗಿ ಬರುತ್ತದೆ.

3. ಅರ್ಧ ಗಂಟೆ ನೋಡಿ, ಆದರೆ ಮಧ್ಯದಿಂದ

ಟ್ರೇಲರ್ ನೋಡಬೇಡಿ. ಅದು ಮಾರಲಿಕ್ಕೆ ಮಾಡಿದ್ದು. ಯೂಟ್ಯೂಬಿನಲ್ಲಿ ಆಟದ ಹೆಸರಿನ ಜೊತೆ "ವಾಕ್‌ಥ್ರೂ ನೋ ಕಾಮೆಂಟರಿ" ಅಂತ ಹಾಕಿ ಹುಡುಕಿ. ವಾಕ್‌ಥ್ರೂ ಅಂದರೆ ಯಾರೋ ಒಬ್ಬರು ಆಟವನ್ನು ಮೊದಲಿಂದ ಕೊನೆವರೆಗೆ ಆಡಿ ರೆಕಾರ್ಡ್ ಮಾಡಿದ್ದು. ನೋ ಕಾಮೆಂಟರಿ ಅಂದರೆ ಆಡುವವರ ಕಿರುಚಾಟ ಇಲ್ಲದ್ದು.

ಮೂರು ಕಡೆ ಹತ್ತತ್ತು ನಿಮಿಷ ನೋಡಿ. ಸುಮಾರು ಮೂರನೇ ಒಂದು ಭಾಗದಲ್ಲಿ ಒಮ್ಮೆ. ಮಧ್ಯದಲ್ಲಿ ಒಂದು ಬಾಸ್ ಫೈಟ್, ಅಂದರೆ ದೊಡ್ಡ ಎದುರಾಳಿಯ ಜೊತೆಗಿನ ಹೊಡೆದಾಟ. ಕೊನೆಯ ಹತ್ತಿರ ಒಂದು ಕಟ್‌ಸೀನ್, ಅಂದರೆ ಆಟ ನಿಂತು ಸಿನಿಮಾದ ಹಾಗೆ ಕಥೆ ನಡೆಯುವ ಭಾಗ. ಶುರುವಿನ ಹದಿನೈದು ನಿಮಿಷದಲ್ಲಿ ಗುಂಡಿ ಒತ್ತುವುದನ್ನು ಕಲಿಸುತ್ತಾರೆ, ಅಷ್ಟೇ. ಅದನ್ನು ನೋಡಿ ತೀರ್ಮಾನ ಮಾಡಿದರೆ ಯಕ್ಷಗಾನದ ಶುರುವಿಗೆ ಕೋಡಂಗಿ ಕುಣಿದದ್ದು ನೋಡಿ ಇಡೀ ಪ್ರಸಂಗ ಹೇಗಿದೆ ಅಂತ ಹೇಳಿದ ಹಾಗಾಯಿತು.

4. ಕ್ರಿಯಾಪದ ಬರೆಯಿರಿ

ನಾನು ಹೇಳುವುದರಲ್ಲಿ ಮುಖ್ಯವಾದದ್ದು ಇದೇ. ಉಳಿದದ್ದು ಮರೆತರೂ ಇದನ್ನು ಬಿಡಬೇಡಿ.

ವಿಡಿಯೊ ನೋಡುವಾಗ ಕಾಗದದಲ್ಲಿ ನಾಯಕ ಏನು *ಮಾಡುತ್ತಾನೆ* ಅನ್ನುವುದನ್ನು ಮಾತ್ರ ಬರೆಯಿರಿ. ಕಥೆ ಬೇಡ, ಪಾತ್ರದ ಹೆಸರು ಬೇಡ. ಬರೀ ಕ್ರಿಯಾಪದ. ಗುಂಡಿ ಒತ್ತಿ ಆಟಗಾರ ಮಾಡಿಸುವ ಕೆಲಸಗಳು. ಪ್ರತಿ ಸಲ ಆದಾಗ ಪಕ್ಕದಲ್ಲಿ ಒಂದು ಗೀಟು ಹಾಕಿ.

ಜೆಲ್ಡಾ ನೋಡಿ ನಾನು ಬರೆದ ಕಾಗದದಲ್ಲಿ ಹೀಗಿತ್ತು: ಹತ್ತು, ಓಡು, ಹೆಕ್ಕು, ಬೇಯಿಸು, ಹಾರು, ಕುದುರೆ ಪಳಗಿಸು, ಬಾಣ ಬಿಡು, ಕತ್ತಿ ಬೀಸು. ಹತ್ತು, ಹೆಕ್ಕು ಇವೆರಡರ ಪಕ್ಕ ಗೀಟಿನ ಸಾಲು. ಕತ್ತಿಯ ಪಕ್ಕವೂ ಉಂಟು, ಕಡಿಮೆ ಏನಲ್ಲ. ಆದರೆ ಕತ್ತಿ ತಾಗಿದ ಜೀವಿ ಹೊಗೆಯಾಗಿ ಮಾಯವಾಗುತ್ತದೆ. ರಕ್ತ ಇಲ್ಲ. ಕತ್ತಿಯೂ ಸ್ವಲ್ಪ ಹೊತ್ತಿಗೆ ಮುರಿದುಹೋಗುತ್ತದೆ. ಹಾಗಾಗಿ ಮಗು ಹೊಡೆಯುವ ಮೊದಲು "ಇದಕ್ಕೆ ಈ ಕತ್ತಿ ಹಾಳು ಮಾಡಬೇಕಾ?" ಅಂತ ಯೋಚಿಸುತ್ತದೆ. ಗುಡ್ಡೆಯಲ್ಲಿ ಅಣಬೆ ಹೆಕ್ಕಿ ತಂದು ಬಾಣಲೆಗೆ ಹಾಕುವುದೇ ಅರ್ಧ ಆಟ ಅಂದರೂ ನಡೆಯುತ್ತದೆ.

ಈಗ 2013ರ ಜಿಟಿಎ 5: ಕಾರು ಕಸಿ, ಓಡಿಸು, ಗುದ್ದು, ಗುಂಡು ಹಾರಿಸು, ಕದಿ, ಪೊಲೀಸರಿಂದ ತಪ್ಪಿಸು. ಕಥೆಯಲ್ಲಿ ಒಂದು ಕಡೆ ಕಟ್ಟಿಹಾಕಿದ ಮನುಷ್ಯನಿಗೆ ಚಿತ್ರಹಿಂಸೆ ಕೊಡಬೇಕು. ಯಾವ ಸಲಕರಣೆಯಿಂದ ಅಂತ ಆರಿಸುವುದೂ ಆಟಗಾರನೇ. ಕಾಗದ ನೋಡಿದರೆ ಮತ್ತೆ ಯಾರನ್ನೂ ಕೇಳಬೇಕಾಗಿಲ್ಲ.

ಇಲ್ಲೊಂದು ವಾದ ಬರುತ್ತದೆ, ನನಗೆ ಅದು ಇಷ್ಟವೂ ಹೌದು. "ನಾವು ಸಣ್ಣವರಿರುವಾಗ ಬಯಲಾಟದಲ್ಲಿ ಚಾಪೆ ಮೇಲೆ ಕೂತು ರಾತ್ರಿಯಿಡೀ ರಾಕ್ಷಸರು ಸಾಯುವುದನ್ನು ನೋಡಿಲ್ವಾ? ನಮಗೇನಾಯ್ತು?" ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನವರು ನಾವು, ಈ ಮಾತು ಬಾರದೆ ಇರುತ್ತದಾ? ನಿಜ, ಏನೂ ಆಗಲಿಲ್ಲ. ಆದರೆ ಅಲ್ಲಿ ಮಹಿಷಾಸುರನನ್ನು ಕೊಂದದ್ದು ದೇವಿ. ನಾವು ನೋಡಿದೆವು, ನಿದ್ದೆ ಬಂದಾಗ ಅಮ್ಮನ ಮಡಿಲಿಗೆ ವಾಲಿದೆವು. ಆಟದಲ್ಲಿ ಗುಂಡಿ ಮಗುವಿನ ಹೆಬ್ಬೆರಳ ಕೆಳಗೆ ಇರುತ್ತದೆ. ಒತ್ತದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಹಿಂಸೆ ಉಂಟಾ ಇಲ್ವಾ ಅನ್ನುವುದಕ್ಕಿಂತ ನಾನು ಕೇಳುವುದು ಬೇರೆ. ಯಾರ ಮೇಲೆ? ಮನುಷ್ಯನೋ, ಯಂತ್ರವೋ, ಭೂತವೋ? ಎದುರಾಳಿ ತಿರುಗಿ ಹೊಡೆಯುತ್ತಾನೋ, ಓಡುತ್ತಿದ್ದಾನೋ? ತಪ್ಪಿಸಿಕೊಂಡು ಹೋಗುವ ದಾರಿ ಉಂಟಾ? ಜಾಸ್ತಿ ಕ್ರೂರವಾಗಿ ಹೊಡೆದರೆ ಜಾಸ್ತಿ ಪಾಯಿಂಟ್ ಸಿಗುತ್ತದಾ? ಈ ಕೊನೆಯದಕ್ಕೆ "ಹೌದು" ಅಂತ ಬಂದರೆ ಹನ್ನೆರಡರ ಒಳಗಿನವರಿಗೆ ನಾನು ಬೇಡ ಅನ್ನುತ್ತೇನೆ, ಡಬ್ಬಿ ಏನೇ ಹೇಳಲಿ.

ನಮ್ಮ ಪುರಾಣದ ಆಟವಾದರೂ ಕಾಗದ ಬೇಕು. ಪುಣೆಯವರು ಮಾಡಿದ 'ರಾಜಿ' 2020ರಲ್ಲಿ ಬಂತು. ತಮ್ಮನನ್ನು ಹುಡುಕಿ ಹೊರಟ ಹುಡುಗಿ, ದುರ್ಗೆ, ವಿಷ್ಣು, ನೋಡಲಿಕ್ಕೆ ಚೆಂದ. ಹಾಗಂತ ಸುಮ್ನೆ ಕೊಟ್ಟುಬಿಡುವುದಲ್ಲ. ರಾಕ್ಷಸರ ಜೊತೆ ಹೊಡೆದಾಟ ಅದರಲ್ಲೂ ಸಾಕಷ್ಟಿದೆ.

5. ನಿಮ್ಮ ಮಗು ಯಾವುದಕ್ಕೆ ಹೆದರುತ್ತದೆ?

ಡಬ್ಬಿಗೆ ನಿಮ್ಮ ಮಗು ಗೊತ್ತಿಲ್ಲ. ದೊಂದಿ ಹಿಡಿದು ಮಹಿಷಾಸುರ ಜನರ ನಡುವಿಂದ ಬರುವಾಗ ಒಂದು ಮಗು ಎದ್ದು ಮುಂದೆ ಓಡುತ್ತದೆ, ಇನ್ನೊಂದು ಕಣ್ಣು ಮುಚ್ಚುತ್ತದೆ. ಇಬ್ಬರಿಗೂ ವಯಸ್ಸು ಎಂಟೇ.

ಕತ್ತಲ ಗುಹೆ, ನೀರಿನಡಿಯಲ್ಲಿ ಉಸಿರು ಕಟ್ಟುವುದು, ಹಿಂದಿನಿಂದ ಅಟ್ಟಿಸಿಕೊಂಡು ಬರುವುದು, ದೊಡ್ಡ ಜೇಡ. ಈ ನಾಲ್ಕು ಇಂಥ ಆಟಗಳಲ್ಲಿ ಪದೇಪದೇ ಬರುತ್ತವೆ. ರಕ್ತಕ್ಕಿಂತ ಇವೇ ರಾತ್ರಿ ಕನಸಿಗೆ ಬರುವುದು ಜಾಸ್ತಿ. ಸಂಗೀತದ ಪಾಲೂ ದೊಡ್ಡದು. ಟಿವಿಯ ಸೌಂಡ್ ಕಡಿಮೆ ಮಾಡಿದರೆ ಅರ್ಧ ಹೆದರಿಕೆ ಇಳಿಯುತ್ತದೆ, ಮಾಡಿ ನೋಡಿ. ಕೆಲವು ಆಟಗಳಲ್ಲಿ ರಕ್ತ ಕಾಣದ ಹಾಗೆ ಮಾಡುವ, ಜೇಡದ ರೂಪ ಬದಲಿಸುವ ಸೆಟ್ಟಿಂಗ್ ಇರುತ್ತದೆ.

6. ದುಡ್ಡು, ಅಪರಿಚಿತರು

ಡಿಸ್ಕ್ ಆಟಗಳಲ್ಲಿ ಈ ತೊಂದರೆ ಕಡಿಮೆ, ಫೋನಿನ "ಫ್ರೀ" ಆಟಗಳಲ್ಲಿ ಜಾಸ್ತಿ. ಆಟ ಫ್ರೀ, ಒಳಗೆ ಅಂಗಡಿ. ಲೂಟ್ ಬಾಕ್ಸ್ ಅನ್ನುವುದನ್ನು ನೋಡಿಕೊಳ್ಳಿ. ದುಡ್ಡು ಕೊಟ್ಟು ಮುಚ್ಚಿದ ಪೆಟ್ಟಿಗೆ ತೆಗೆದುಕೊಳ್ಳುವುದು, ಒಳಗೇನಿದೆ ಅಂತ ತೆರೆದ ಮೇಲೇ ಗೊತ್ತಾಗುವುದು. ಜಾತ್ರೆಯ ಲಕ್ಕಿ ಡಿಪ್ ಇದ್ದ ಹಾಗೆ. ಬೆಲ್ಜಿಯಂನಲ್ಲಿ 2018ರಲ್ಲೇ ಇದನ್ನು ಜೂಜು ಅಂತ ತೀರ್ಮಾನಿಸಿದರು. ನಮ್ಮಲ್ಲಿ 2025ರಲ್ಲಿ ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂತು. "ಹಾಗಾದ್ರೆ ಇನ್ನು ಭಯ ಇಲ್ಲ" ಅಂದುಕೊಳ್ಳಬೇಡಿ. ಉಡುಪು, ಕತ್ತಿ ಮಾರುವ ಅಂಗಡಿ ಆಟದೊಳಗೆ ಹಾಗೆಯೇ ಉಂಟು.

ಯುಪಿಐ ಪಿನ್ ಮಗುವಿಗೆ ಗೊತ್ತಿದ್ದರೆ ಇವತ್ತೇ ಬದಲಿಸಿ. ಹಾಲಿನ ಸೊಸೈಟಿಗೆ, ಅಂಗಡಿಗೆ ದುಡ್ಡು ಹಾಕಲು ಮಕ್ಕಳ ಕೈಗೇ ಫೋನ್ ಕೊಡುವ ಮನೆ ನಮ್ಮಲ್ಲಿ ಬೇಕಾದಷ್ಟು. ಯಾರಾದರೂ ಮೋಸದಿಂದ ದುಡ್ಡು ಹಾಕಿಸಿಕೊಂಡರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಆನ್‌ಲೈನ್‌ನಲ್ಲಿ ಬೇರೆಯವರ ಜೊತೆ ಮಾತಾಡುವ ಸೌಲಭ್ಯ ಇದ್ದರೆ ಡಬ್ಬಿಯ ಸಂಖ್ಯೆ ಅದಕ್ಕೆ ಅನ್ವಯಿಸುವುದಿಲ್ಲ. ಆ ಕಡೆಯಿಂದ ಯಾರು ಏನು ಹೇಳುತ್ತಾರೆ ಅಂತ ಯಾವ ಮಂಡಳಿಯೂ ಮೊದಲೇ ನೋಡಿಡಲು ಆಗುವುದಿಲ್ಲ. ಸಣ್ಣ ಮಕ್ಕಳಿಗೆ ವಾಯ್ಸ್ ಚಾಟ್ ಆಫ್. ಇದರಲ್ಲಿ ಚರ್ಚೆ ಬೇಡ. ಅಪರಿಚಿತರು ಫೋಟೊ ಕೇಳಿದರೆ, ಹೆದರಿಸಿದರೆ ಮಕ್ಕಳ ಸಹಾಯವಾಣಿ 1098 ಉಂಟು.

7. ಬೀಗ ಹಾಕಿ

ಪ್ಲೇಸ್ಟೇಷನ್ 5ರಲ್ಲಿ ಸೆಟ್ಟಿಂಗ್ಸ್ ಒಳಗೆ 'ಫ್ಯಾಮಿಲಿ ಆಂಡ್ ಪೇರೆಂಟಲ್ ಕಂಟ್ರೋಲ್ಸ್' ಇದೆ. ನಿಮ್ಮ ಹೆಸರಲ್ಲಿ ಒಂದು ಅಕೌಂಟ್, ಮಗುವಿಗೆ ಬೇರೆ ಅಕೌಂಟ್ ಮಾಡಿ. ಹುಟ್ಟಿದ ವರ್ಷ ಸರಿಯಾಗಿಯೇ ಹಾಕಿ. ವಯಸ್ಸಿನ ಮಟ್ಟ, ಆಡುವ ಸಮಯ, ತಿಂಗಳ ಖರ್ಚಿನ ಮಿತಿ ಎಲ್ಲ ಅಲ್ಲೇ ಸಿಗುತ್ತವೆ. ಖರ್ಚಿನ ಮಿತಿ ಸೊನ್ನೆ ಇರಲಿ.

ಎರಡು ಕಿಂಡಿ ಮುಚ್ಚಲು ಜನ ಮರೆಯುತ್ತಾರೆ. ಒಂದು, ಕಂಪನಿಯಿಂದ ಬರುವಾಗ ಈ ಬೀಗದ ಪಾಸ್‌ಕೋಡ್ 0000. ಇದು ಮಕ್ಕಳಿಗೆ ಗೊತ್ತು. ಇನ್ನೊಂದು, ಹೊಸ ಯೂಸರ್ ಅಥವಾ ಗೆಸ್ಟ್ ಆಗಿ ಒಳಗೆ ಬರುವ ದಾರಿ. ಅದನ್ನೂ ಅದೇ ಪುಟದಲ್ಲಿ ಬಂದ್ ಮಾಡಬಹುದು. ಇಲ್ಲದಿದ್ದರೆ ಎದುರು ಬಾಗಿಲಿಗೆ ಬೀಗ, ಹಿತ್ತಲ ಬಾಗಿಲು ಹಾರು ಹೊಡೆದದ್ದು.

ನಿಂಟೆಂಡೊ ಸ್ವಿಚ್ ಅನ್ನುವ ಆಟದ ಯಂತ್ರಕ್ಕೆ ಫೋನಿನಲ್ಲಿ ಬೇರೆ ಆ್ಯಪ್ ಉಂಟು. ಯಾವ ಆಟ ಎಷ್ಟು ನಿಮಿಷ ಅಂತ ಅದರಲ್ಲಿ ಕಾಣುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ ಪ್ಲೇ ಸ್ಟೋರ್ ತೆರೆದು ನಿಮ್ಮ ಚಿತ್ರ ಒತ್ತಿ, ಸೆಟ್ಟಿಂಗ್ಸ್, ಫ್ಯಾಮಿಲಿ, ಪೇರೆಂಟಲ್ ಕಂಟ್ರೋಲ್ಸ್. ನಾಲ್ಕು ಅಂಕಿಯ ಪಿನ್ ಕೊಟ್ಟು ವಯಸ್ಸು ಆರಿಸಿ. ಮಗುವಿಗೆ ಸ್ವಂತ ಫೋನ್ ಇದ್ದರೆ ಗೂಗಲಿನ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕುವುದು ವಾಸಿ. ಆ ಪಿನ್ ಪ್ಲೇ ಸ್ಟೋರಿನ ಬೀಗ ಮಾತ್ರ ಅನ್ನುವುದು ನೆನಪಿರಲಿ. ದೊಡ್ಡಪ್ಪನ ಮಗ ವಾಟ್ಸ್ಯಾಪಿನಲ್ಲಿ ಕಳಿಸಿದ ಎಪಿಕೆ ಫೈಲ್, ಅಂದರೆ ಸ್ಟೋರ್ ಬಿಟ್ಟು ನೇರವಾಗಿ ಹಾಕಿಕೊಳ್ಳುವ ಆ್ಯಪ್, ಈ ಬೀಗ ದಾಟಿ ಬರುತ್ತದೆ. ಅದರಲ್ಲಿ ವೈರಸ್ ಇರುವ ಸಾಧ್ಯತೆ ಬೇರೆ.

8. ಮೊದಲ ದಿನ ಪಕ್ಕದಲ್ಲಿ ಕೂತುಕೊಳ್ಳಿ

ಸಲಹೆ ಕೊಡಬೇಡಿ. ಸುಮ್ನೆ ಕೂತು, "ಇವ ಯಾರು? ಅವನಿಗೆ ಯಾಕೆ ಹೊಡೆದೆ?" ಅಂತ ಕೇಳಿ. ಉತ್ತರ ಕೊಡುತ್ತಾ ಆಡುವ ಮಗುವಿಗೆ ಆಟ ತಲೆಗೆ ಹೋಗುತ್ತಿದೆ ಅಂತ ಅರ್ಥ. ಉತ್ತರವೇ ಇಲ್ಲದೆ ಗುಂಡಿ ಒತ್ತುತ್ತಲೇ ಇದ್ದರೆ ಆ ಆಟ ಸ್ವಲ್ಪ ಬೇಗ ಆಯಿತು.

ನಿಲ್ಲಿಸುವ ಹೊತ್ತಿನ ಜಗಳಕ್ಕೆ ಒಂದು ಉಪಾಯ ಉಂಟು. ಇಂಥ ಆಟಗಳಲ್ಲಿ ಚೆಕ್‌ಪಾಯಿಂಟ್ ಅಂತ ಇರುತ್ತದೆ, ಅಲ್ಲಿವರೆಗೆ ಆಡಿದ್ದು ಉಳಿಯುವ ಜಾಗ. ಅದರ ನಡುವೆ ಸ್ವಿಚ್ ತೆಗೆದರೆ ಅರ್ಧ ಗಂಟೆಯ ಕೆಲಸ ಹೋಯಿತು. "ಈಗಲೇ ಬಂದ್ ಮಾಡು" ಅಂದಾಗ ಮಗು ರೇಗುವುದಕ್ಕೆ ಎಷ್ಟೋ ಸಲ ಕಾರಣ ಇಷ್ಟೇ, ಆಟದ ಹಿಂಸೆ ತಲೆಗೇರಿದ್ದಲ್ಲ. ಹತ್ತು ನಿಮಿಷ ಮೊದಲೇ "ಮುಂದಿನ ಸೇವ್ ಎಲ್ಲಿ?" ಅಂತ ಕೇಳಿ. ಮಳೆಗಾಲದಲ್ಲಿ ನಮ್ಮ ಕರೆಂಟ್ ಯಾರನ್ನೂ ಕೇಳಿ ಹೋಗುವುದಿಲ್ಲ, ಆ ಮಾತು ಬೇರೆ. ಸಾಧ್ಯವಾದರೆ ಒಂದು ಸಣ್ಣ ಯುಪಿಎಸ್ ಹಾಕಿಸಿ.

ಬೇಡ ಅಂತ ತೀರ್ಮಾನವಾದರೆ

ಆ ಕಾಗದವನ್ನೇ ತೋರಿಸಿ. "ನೋಡು, ನಾನು ಅರ್ಧ ಗಂಟೆ ನೋಡಿದೆ. ಇದರಲ್ಲಿ ಇಷ್ಟು ಸಲ ಹೀಗೆ ಮಾಡ್ಬೇಕು. ಈಗ ಬೇಡ." ನೀವು ನಿಜಕ್ಕೂ ನೋಡಿದ್ದೀರಿ ಅಂತ ಗೊತ್ತಾದರೆ ಮಕ್ಕಳು ಅರ್ಧ ಒಪ್ಪುತ್ತಾರೆ. ತಂದ ಮಾವನಿಗೂ ಒಂದು ಮಾತು ಹೇಳಿ. ಅವರಿಗೆ ಬೇಜಾರಾಗದ ಹಾಗೆ, ಮುಂದಿನ ಸಲ ಬರುವಾಗ ಯಾವ ಸಂಖ್ಯೆಯ ಒಳಗೆ ತರಬೇಕು ಅಂತ.

ಡಿಸ್ಕ್ ಮಾರಿಬಿಡಬೇಕೆಂದಿಲ್ಲ, 18ರದ್ದು ಬಿಟ್ಟು. 12 ಅಂತ ಇರುವ ಆಟ ಹತ್ತು ವರ್ಷದವಳಿಗೆ ಈಗ ಬೇಡ ಅನಿಸಿದರೆ, ಯಾವ ರಜೆಯಲ್ಲಿ ಮತ್ತೆ ನೋಡೋಣ ಅಂತ ಅವಳ ಜೊತೆಗೇ ಮಾತಾಡಿ, ಆ ತಿಂಗಳನ್ನು ಡಬ್ಬಿಯ ಒಳಗಿನ ಕಾಗದದಲ್ಲಿ ಪೆನ್ಸಿಲಿನಲ್ಲಿ ಬರೆದಿಡಿ. ಆ ತಿಂಗಳು ಬಂದಾಗ ಅವಳು ಖಂಡಿತ ನೆನಪಿಸುತ್ತಾಳೆ. ಆಗ ಮತ್ತೆ ಮೂರನೇ ಹಂತದಿಂದ ಶುರು ಮಾಡಿ.